ದಂತಲೋಭವೂ ಆನೆಯ ವಿವೇಕವೂ

ವಿವೇಕವು ಮನುಷ್ಯನಿಗೆ ಮಾತ್ರ ಮೀಸಲೆಂದೂ, ಮೃಗಗಳು ಹುಟ್ಟುಗುಣದಿಂದಲೇ ನಡೆಯತಕ್ಕವೆಂದೂ ಲೋಕದಲ್ಲಿ ಹೇಳುವುದುಂಟು. ಆನೆಯ ವಿಷಯದಲ್ಲಿ ಈ ಮಾತು ನಿಲ್ಲತಕ್ಕುದಲ್ಲ. ಆನೆಯ ಹಿಂಡಿಗೆ ವಯಸ್ಸಾದ ಹೆಣ್ಣಾನೆಯೇ ನಾಯಕಿ. ಬೇಸಗೆಯಲ್ಲಿ ಬತ್ತದ ಮಡು ಯಾವುದು, ಬರಗಾಲದಲ್ಲಿ ಹಿಡಿಯಬೇಕಾದ ದಾರಿ ಯಾವುದು ಎಂಬುದನ್ನು ಮರಿಯು ಹುಟ್ಟುವಾಗಲೇ ಅರಿತಿರುವುದಿಲ್ಲ. ಹಿರಿಯರ ಹಿಂದೆ ವರ್ಷಾನುಗಟ್ಟಲೆ ನಡೆದು ಕಲಿಯುವುದು. ಹೀಗೆ ಪರಂಪರೆಯಿಂದ ಬಂದುದನ್ನು ವಿದ್ಯೆಯೆನ್ನದೆ ಮತ್ತೇನೆನ್ನಬೇಕು?

ಆಫ್ರಿಕಾದ ಟಾಂಜಾನಿಯಾ ದೇಶದಲ್ಲಿ ತಾರಂಗೀರೆ ಎಂಬ ರಕ್ಷಿತಾರಣ್ಯವಿದೆ. 1993ರಲ್ಲಿ ಅಲ್ಲಿ ಘೋರವಾದ ಕ್ಷಾಮವುಂಟಾಗಿ, ವಿದ್ವಾಂಸರು ಲೆಕ್ಕವಿಟ್ಟಿದ್ದ 81 ಮರಿಗಳಲ್ಲಿ 16 ಮರಿಗಳು ಒಂಬತ್ತು ತಿಂಗಳೊಳಗೆ ಸತ್ತುವು. ಅಲ್ಲಿದ್ದ ಮೂರು ಗುಂಪುಗಳಲ್ಲಿ ಎರಡು ಅರಣ್ಯವನ್ನು ಬಿಟ್ಟು ನೀರು ಮೇವುಗಳನ್ನರಸಿ ಹೊರಟುವು. ಒಂದು ಮಾತ್ರ ಅಲ್ಲಿಯೇ ಉಳಿಯಿತು. ಸತ್ತ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದ ಗುಂಪಿನವು. ಹೊರಟ ಗುಂಪುಗಳಲ್ಲಿ 1958ರಿಂದ 1961ರ ವರೆಗಿನ ಕ್ಷಾಮವನ್ನು ಕಂಡಿದ್ದ ಮುದಿ ಆನೆಗಳಿದ್ದುವು. ಉಳಿದ ಗುಂಪಿನ ಹಿರಿಯ ಆನೆಗಳಲ್ಲಿ ಬಹುಪಾಲು ಹಿಂದೆಯೇ ಬೇಟೆಗಾರರಿಗೆ ಬಲಿಯಾಗಿದ್ದುವು. ಆ ಹಳೆಯ ನೆನಪೇ ಮರಿಗಳನ್ನು ಕಾಯಿತೆಂದು ಆ ವಿದ್ವಾಂಸರು ಊಹಿಸಿರುವರು.

ಆಫ್ರಿಕಾದಲ್ಲಿ ಹೆಣ್ಣಾನೆಗೂ ದಂತವುಂಟು. ದಂತವು ಆಯುಷ್ಯವಿರುವವರೆಗೂ ಬೆಳೆಯುವುದರಿಂದ, ಲೋಭಿಯ ಕಣ್ಣು ಮೊದಲು ಹಿರಿಯದರ ಮೇಲೆಯೇ ಬೀಳುವುದು. ಆದುದರಿಂದ ಒಂದು ಜೋಡಿ ದಂತಕ್ಕಾಗಿ ನಾಶವಾಗುವುದು ಒಂದು ಜೀವ ಮಾತ್ರವಲ್ಲ, ಹಿಂಡಿನ ಗುರುಸ್ಥಾನವೂ ಹೌದು. ಮೊಸಾಂಬಿಕ್ ದೇಶದಲ್ಲಿ 1977ರಿಂದ 1992ರ ವರೆಗೆ ನಡೆದ ಅಂತರ್ಯುದ್ಧದ ಕಾಲದಲ್ಲಿ ಗೊರೊಂಗೋಸ ಅರಣ್ಯದ ಆನೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಹತವಾದುವು. ಮೊದಲು ಹೆಣ್ಣಾನೆಗಳಲ್ಲಿ ಐದಕ್ಕೊಂದಕ್ಕೂ ಕಡಿಮೆಯಿದ್ದ ದಂತಹೀನತೆಯು ಅನಂತರ ಸುಮಾರು ಅರ್ಧಕ್ಕೇರಿತು. ಮನುಷ್ಯನ ಲೋಭವು ಮೃಗದ ಶರೀರವನ್ನೇ ಮಾರ್ಪಡಿಸಿತು.

ಪ್ರಾಚೀನರು ಇಲ್ಲಿ ಒಂದು ಮೇರೆಯನ್ನು ಕಂಡಿದ್ದರು. ಗಜವನದಲ್ಲಿ ಆನೆಯನ್ನು ಕೊಂದವನಿಗೆ ಕೌಟಿಲ್ಯನ ಅರ್ಥಶಾಸ್ತ್ರವು ಮರಣದಂಡನೆಯನ್ನು ವಿಧಿಸಿ, ತಾನಾಗಿ ಸತ್ತ ಆನೆಯ ದಂತದ ಜೋಡಿಯನ್ನು ತಂದೊಪ್ಪಿಸಿದವನಿಗೆ ನಾಲ್ಕೂಕಾಲು ಪಣವನ್ನು ಕೊಡಿಸುವುದು. ಅರಸರಿಗೆ ಸೇನೆಯಲ್ಲಿ ಆನೆಯು ಬೇಕಾಗಿದ್ದುದೇ ಇದಕ್ಕೆ ಕಾರಣವೆಂಬುದು ನಿಜ. ಆದರೂ ದೊರಕಿದುದನ್ನು ಸ್ವೀಕರಿಸುವುದು ಬೇರೆ, ಕೊಂದು ಕಸಿಯುವುದು ಬೇರೆ ಎಂಬ ಭೇದವು ಅದರಲ್ಲಿ ಸ್ಪಷ್ಟವಾಗಿದೆ. ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು ದೇಶಗಳು ಒಪ್ಪಿದುದು 1989ರಲ್ಲಿ.

ಆನೆಯೂ ಬೆಳೆಯನ್ನು ಹಾಳುಮಾಡುವುದಿಲ್ಲವೇ, ಅದೂ ಲೋಭವಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಭಾರತದಲ್ಲಿ ಅತ್ಯಧಿಕವಾಗಿ ಆನೆಗಳಿರುವ ಕರ್ನಾಟಕದಲ್ಲಿ, ಕೊಡಗು ಹಾಸನಗಳ ರೈತರು ಈ ಕಷ್ಟವನ್ನು ಚೆನ್ನಾಗಿ ಬಲ್ಲರು. ಅವರ ದುಃಖವನ್ನು ಅಲ್ಲಗಳೆಯುವುದು ಧರ್ಮವಲ್ಲ. ಆದರೆ ಆನೆಯು ಗದ್ದೆಗೆ ಬರುವುದು ಹೊಟ್ಟೆಗಾಗಿ; ನಾಳೆಗೆಂದು ಕಣಜವನ್ನು ಕಟ್ಟಿಕೊಳ್ಳುವುದಿಲ್ಲ. ಹಸಿವು ತುಂಬಿದಲ್ಲಿಗೆ ನಿಲ್ಲುವುದು. ಲೋಭಕ್ಕೆ ನಿಲುಗಡೆಯೇ ಇಲ್ಲ.

ದಂತದ ವ್ಯಾಪಾರಿಯು ತಕ್ಕಡಿಯಲ್ಲಿ ತೂಗುವುದು ದಂತವನ್ನು ಮಾತ್ರ. ಅದರೊಡನೆ ಹೋದ ದಾರಿಯ ಜ್ಞಾನಕ್ಕೆ ಬೆಲೆಯನ್ನು ತೆರುವುದು ಮುಂದಿನ ಬರಗಾಲದ ಮರಿ. ಸಾಲವನ್ನು ಮಾಡಿದವನೊಬ್ಬ, ತೀರಿಸುವುದು ಮತ್ತೊಂದು ಜೀವವೆಂದರೆ ಅದು ಅಧರ್ಮವೇ ಸರಿ. ಇದನ್ನರಿತು ಕೈಯನ್ನು ಹಿಂತೆಗೆಯಬಲ್ಲ ಶಕ್ತಿಯು ಮನುಷ್ಯನಿಗುಂಟು. ಆತನು ವಿವೇಕಿಯೆಂಬ ಮಾತಿಗೆ ಪ್ರಮಾಣವು ಅದರಲ್ಲಿಯೇ ಇದೆ.