ಬಿಡುವುದು, ತೊರೆಯುವುದು, ಕೈಬಿಡುವುದು

ಇಂಗ್ಲಿಷಿನಲ್ಲಿ ಅಬ್ಯಾಂಡನ್, ಡಿಸರ್ಟ್, ಫರ್ಸೇಕ್ ಎಂಬ ಮೂರು ಪದಗಳುಂಟು. ನಿಘಂಟನ್ನು ತೆರೆದ ವಿದ್ಯಾರ್ಥಿಗೆ ಮೂರಕ್ಕೂ ಬಹುಮಟ್ಟಿಗೆ ಒಂದೇ ಅರ್ಥವು ದೊರೆಯುವುದರಿಂದ ಆತನು ಒಂದರ ಸ್ಥಾನದಲ್ಲಿ ಮತ್ತೊಂದನ್ನು ನಿಶ್ಚಿಂತೆಯಾಗಿ ಬಳಸುವನು. ಆದರೆ ಮುಳುಗುತ್ತಿರುವ ಹಡಗನ್ನು ನಾಯಕನ ಅಪ್ಪಣೆಯಂತೆ ಬಿಟ್ಟಿಳಿದ ನಾವಿಕನು ಅದನ್ನು ಅಬ್ಯಾಂಡನ್ ಮಾಡಿದವನು; ಅವನಲ್ಲಿ ದೋಷವಿಲ್ಲ. ಬಂದರಿನಲ್ಲಿ ಕ್ಷೇಮವಾಗಿ ನಿಂತ ಹಡಗಿನಿಂದ ರಾತ್ರಿ ತಪ್ಪಿಸಿಕೊಂಡು ಓಡಿದವನು ಡಿಸರ್ಟ್ ಮಾಡಿದವನು, ಅವನು ಅಪರಾಧಿ. ಮೊದಲನೆಯವನು ಬಿಟ್ಟದ್ದು ವಸ್ತುವನ್ನು, ಎರಡನೆಯವನು ಬಿಟ್ಟದ್ದು ಕರ್ತವ್ಯವನ್ನು. ಫರ್ಸೇಕ್ ಎಂಬಲ್ಲಿಯಾದರೋ ಹರಿಯುವುದು ಮಮತೆಯ ಎಳೆ.

ಈ ಸೂಕ್ಷ್ಮವು ಕನ್ನಡಕ್ಕೆ ಹೊಸದೇನೂ ಅಲ್ಲ. ದುಶ್ಚಟವನ್ನು ಬಿಡುವರು, ರಾಜ್ಯವನ್ನು ತೊರೆಯುವರು, ನಂಬಿದವರನ್ನು ಕೈಬಿಡುವರು. ಕೈಬಿಡಬೇಕಾದರೆ ಮೊದಲು ಕೈ ಹಿಡಿದಿರಬೇಕಷ್ಟೆ. ಸರಕಾರವು ಯೋಜನೆಯೊಂದನ್ನು ಕೈಬಿಟ್ಟಿತೆಂದು ಪತ್ರಿಕೆಗಳು ಬರೆಯುವುದೂ ಉಂಟು. ಅಲ್ಲಿಯೂ ಯಾರೋ ಅದನ್ನು ನೆಚ್ಚಿಕೊಂಡಿದ್ದರೆಂಬ ಧ್ವನಿ ಇದ್ದೇ ಇದೆ!

ರಾಯಚೂರು ಸೀಮೆಯಲ್ಲಿ ಈ ಭೇದಗಳಿಗೆ ಉದಾಹರಣೆಗಳನ್ನು ದೂರ ಹುಡುಕಬೇಕಾಗಿಲ್ಲ. ಲಿಂಗಸೂಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯು 1920ರಲ್ಲಿ ಮುಚ್ಚಿತು. 1947ರಲ್ಲಿ ಹೊಸ ಕಂಪನಿಯು ಸ್ಥಾಪಿತವಾಗುವವರೆಗೆ ಅದು ಬಿಟ್ಟ ಗಣಿ. ಸುರಂಗಕ್ಕೆ ಯಾರೂ ದ್ರೋಹ ಬಗೆಯಲಾರರು. ಸಿಂಧನೂರಿನ ಶಿಬಿರಗಳಲ್ಲಿ ನೆಲೆಗೊಂಡ ಪೂರ್ವ ಬಂಗಾಳದ ನಿರಾಶ್ರಿತರು ಮನೆಮಾರುಗಳನ್ನು ಬಿಟ್ಟು ಬಂದವರು. ಆದರೆ ಅವರು ಊರನ್ನು ತೊರೆದರೆನ್ನುವುದಕ್ಕಿಂತ ಊರು ಅವರಿಂದ ತಪ್ಪಿಹೋಯಿತೆನ್ನುವುದೇ ಸರಿ.

ಕಠಿನವಾದುದು ಗುಳೆಯ ಪ್ರಶ್ನೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಮುಟ್ಟದ ಲಿಂಗಸೂಗೂರು, ಮಸ್ಕಿ ಕಡೆಯ ಹಳ್ಳಿಗಳಲ್ಲಿ ಮಳೆ ತಪ್ಪಿದರೆ ದುಡಿಯಬಲ್ಲವರು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ದಾರಿ ಹಿಡಿಯುವರು. ಮನೆಯಲ್ಲಿ ಉಳಿಯುವವರು ಮುದುಕರು, ಒಮ್ಮೊಮ್ಮೆ ಶಾಲೆಗೆ ಹೋಗುವ ಮಕ್ಕಳು. ಹೊರಡುವಾಗ ಯಾರೂ ‘ಹೋಗ್ತೀವಿ’ ಎನ್ನುವುದಿಲ್ಲ. ‘ಹೋಗಿ ಬರ್ತೀವಿ’ ಎನ್ನುವರು. ಹಿಂದಿರುಗುವ ಮಾತನ್ನು ಹೋಗುವ ಮಾತಿನೊಳಗೇ ಕಟ್ಟಿಟ್ಟ ಈ ನುಡಿಯು ಬರಿಯ ಶಕುನದ್ದಲ್ಲ, ಒಂದು ವಾಗ್ದಾನ. ಮೊದಲ ವರ್ಷ ಯುಗಾದಿಗೂ ಜಾತ್ರೆಗೂ ಬರುವರು. ಆಮೇಲೆ ಜಾತ್ರೆಗೆ ಮಾತ್ರ. ಮಕ್ಕಳನ್ನೂ ಕರೆದೊಯ್ದ ಬಳಿಕ ಹಣವಷ್ಟೇ ಬರುವುದು. ಕೊನೆಗೆ ಅದೂ ತಡವಾಗುವುದು. ಗುಳೆಯು ಕೈಬಿಡುವುದಾಗಿ ಮಾರ್ಪಟ್ಟ ದಿನ ಯಾವುದು?

ನ್ಯಾಯಶಾಸ್ತ್ರವು ಇದನ್ನು ದಂಪತಿಗಳ ವಿಷಯದಲ್ಲಿ ವಿಚಾರಿಸಿದೆ. 1956ರಲ್ಲಿ ಸುಪ್ರೀಂ ಕೋರ್ಟು, ಪರಿತ್ಯಾಗಕ್ಕೆ ಬೇರೆಯಾಗಿರುವುದೊಂದೇ ಸಾಲದು, ಸಂಬಂಧವನ್ನು ಶಾಶ್ವತವಾಗಿ ಕಡಿಯುವ ಸಂಕಲ್ಪವೂ ಬೇಕು ಎಂದಿತು. ಅವೆರಡೂ ಒಂದೇ ಗಳಿಗೆಯಲ್ಲಿ ಹುಟ್ಟಬೇಕಾಗಿಲ್ಲವೆಂದೂ ಹೇಳಿತು. ನಿರ್ದೋಷವಾಗಿ ಹೊರಟವನಲ್ಲಿಯೂ ದೋಷವು ದಾರಿಯಲ್ಲಿ ಬಂದು ಸೇರಬಹುದು. ವೃದ್ಧರನ್ನು ಪೂರ್ಣವಾಗಿ ತ್ಯಜಿಸುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋಗುವವರಿಗೆ 2007ರ ಕಾಯಿದೆಯು ಮೂರು ತಿಂಗಳವರೆಗಿನ ಸೆರೆಯನ್ನೋ 5000 ರೂಪಾಯಿಯವರೆಗಿನ ದಂಡವನ್ನೋ ಎರಡನ್ನೂ ವಿಧಿಸಬಹುದು. ಆದರೆ ಬಿಟ್ಟುಹೋಗುವ ಉದ್ದೇಶವನ್ನೇ ಎಂದೂ ಮಾಡದೆ, ಬರುವುದನ್ನು ಮುಂದಿನ ಹಬ್ಬಕ್ಕೆ ದೂಡುತ್ತಲೇ ಇದ್ದವನನ್ನು ಯಾವ ಕಲಮಿಗೆ ಸೇರಿಸುವುದು? ಆತನ ಬಡತನವು ಸುಳ್ಳಲ್ಲ. ಮನೆಯಲ್ಲಿ ಉಳಿದವಳ ಮುಪ್ಪೂ ಸುಳ್ಳಲ್ಲ.

ಮಗನೆಲ್ಲಿ ಎಂದು ಕೇಳಿದರೆ, ವರ್ಷಗಳೆಷ್ಟು ಕಳೆದಿದ್ದರೂ, ಅಂಥ ತಾಯಿಯು ‘ಗುಳೆ ಹೋಗ್ಯಾನ್ರೀ’ ಎಂದೇ ಹೇಳುವಳು; ನೆರೆಯವರು ಬೇರೊಂದು ಪದವನ್ನು ಆಡಹೋದರೆ ಮಾತು ತಿರುಗಿಸುವಳು.