ಆಳು ಬಂದಾವ

ನಮ್ಮ ಕಡೆ ಸಾಹೇಬರು ಬಂದರೆ 'ಬಂದಾರ' ಅಂತಾರೆ. ಹತ್ತಿ ಬಿಡಿಸಲಿಕ್ಕೆ ಕೂಲಿಯವರು ಬಂದರೆ 'ಆಳು ಬಂದಾವ' ಅಂತಾರೆ. ದನ ಬಂದಾವ, ಆಳು ಬಂದಾವ. ಕಿತ್ತೂರಿನ ಸೀಮೆಯಿಂದ ಬೈಲಹೊಂಗಲ, ಸವದತ್ತಿಯ ಎರೆಹೊಲ ದಾಟಿ ರಾಮದುರ್ಗದವರೆಗೂ ಈ ವ್ಯಾಕರಣವನ್ನು ಯಾವ ಮಾಸ್ತರನೂ ಕಲಿಸಿಲ್ಲ. ಆದರೂ ಎಲ್ಲರಿಗೂ ಬರುತ್ತದೆ.

ಈ ವ್ಯಾಕರಣ ಹೊಲದ ಬದುವಿಗೆ ನಿಲ್ಲುವುದಿಲ್ಲ. ಬಂದರಿನಲ್ಲೂ ಅದೇ ನಡೆಯಿತು.

ಫೋರ್ಟ್ ಸ್ಟಿಕೀನ್ ಎಂಬುದು ಕಲ್ಲಿದ್ದಲು ಉರಿಸಿ ಹಬೆಯಿಂದ ನಡೆಯುವ ಸರಕು ಹಡಗು. 1942ರಲ್ಲಿ ಕೆನಡಾದಲ್ಲಿ ಕಟ್ಟಿದ್ದು. ಹುಟ್ಟಿದ್ದೇ ಯುದ್ಧದ ಹೊರೆ ಹೊರಲಿಕ್ಕೆ. 1944ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನಿಂದ ಹೊರಟಾಗ ಅದರಲ್ಲಿ ಯುದ್ಧವಿಮಾನಗಳು, ಸುಮಾರು 1,400 ಟನ್ ಸ್ಫೋಟಕ, 124 ಚಿನ್ನದ ಗಟ್ಟಿ. ಕರಾಚಿಯಲ್ಲಿ ವಿಮಾನ ಇಳಿಸಿ, ಖಾಲಿಯಾದ ಜಾಗಕ್ಕೆ ಹತ್ತಿಯ ಅಂಡಿಗೆ ತುಂಬಿದರು. ಹತ್ತಿ ಮತ್ತು ಮದ್ದು ಒಂದೇ ಹೊಟ್ಟೆಯಲ್ಲಿ! ಹತ್ತಿ ನಮ್ಮ ಹೊಲದ್ದಲ್ಲ, ನಿಜ. ಆದರೆ ಅಂಡಿಗೆ ಹೊರುವ ಬೆನ್ನು ಎಲ್ಲಾ ಕಡೆ ಒಂದೇ.

ಏಪ್ರಿಲ್ 12ಕ್ಕೆ ಅದು ಮುಂಬಯಿಯ ವಿಕ್ಟೋರಿಯಾ ಡಾಕ್ ಸೇರಿತು. ಸ್ಫೋಟಕದ ಹಡಗು ಹಾರಿಸಬೇಕಾದ ಕೆಂಪು ಬಾವುಟ ಹಾರಲಿಲ್ಲ. 14ರ ಮಧ್ಯಾಹ್ನ ಹತ್ತಿಯಿದ್ದ ಕೋಣೆಯಲ್ಲಿ ಹೊಗೆ ಕಂಡಿತು. 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. ಅರ್ಧ ತಾಸಿನಲ್ಲಿ ಮತ್ತೊಮ್ಮೆ. ಡಾಕು, ಗೋದಾಮು, ಸುತ್ತಲಿನ ಬಡವರ ಗುಡಿಸಲು ಎಲ್ಲ ಉರಿದವು.

ಈಗ ಲೆಕ್ಕ ನೋಡಿ. ಚಿನ್ನದ ಗಟ್ಟಿ 124. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬೆಂಕಿ ಆರಿಸಲು ಹೋಗಿ ಸತ್ತ ಅಗ್ನಿಶಾಮಕರು 66. ಒಟ್ಟು ಸತ್ತವರು? ಎಂಟುನೂರು, ಇಲ್ಲವೇ ಸಾವಿರದ ಮುನ್ನೂರು! ನಡುವಿನ ಐದುನೂರು ಜೀವ ಎಲ್ಲಿ ಹೋದವು?

ಅಗ್ನಿಶಾಮಕರಿಗೆ ಹಾಜರಿ ಪುಸ್ತಕ ಇತ್ತು. ಚಿನ್ನಕ್ಕೆ ರಸೀದಿ ಇತ್ತು. ಬೆಳಿಗ್ಗೆ ಬಂದು ಸಂಜೆ ಹೋಗುವ ದಿನಗೂಲಿಯವನಿಗೆ ಏನಿತ್ತು? ಬಂದರಿನ ಕೂಲಿಗಳ ಹೆಸರು ದಾಖಲಾಗಬೇಕೆಂಬ ಕಾಯದೆ ಬಂದದ್ದು 1948ರಲ್ಲಿ.

'ಎಣಿಸಿದರೆ ಸತ್ತವರು ಎದ್ದು ಬರ್ತಾರೇನು?' ಎಂದು ಕೆಲವರು ಕೇಳಬಹುದು. ಬರುವುದಿಲ್ಲ. ಆದರೆ ಲೆಕ್ಕಕ್ಕೆ ಬಂದ ಸಾವಿಗೆ ಯಾರಾದರೂ ಉತ್ತರ ಕೊಡಬೇಕಾಗುತ್ತದೆ. ಅವನ ಹೆಂಡತಿ ಕಚೇರಿಯ ಮುಂದೆ ನಿಂತು, 'ನನ್ನ ಗಂಡ ಇಲ್ಲಿ ದುಡೀತಿದ್ದ' ಅಂದಾಗ ಸುಳ್ಳಿ ಅನಿಸಿಕೊಳ್ಳುವುದಿಲ್ಲ. ಹೆಸರು ಬರೆಯುವುದು ಕರುಣೆಯಲ್ಲ, ಅದು ಬಾಕಿ.

ಆ ದಿನ ಏಪ್ರಿಲ್ 14, ಬಾಬಾಸಾಹೇಬರ 53ನೆಯ ಹುಟ್ಟುಹಬ್ಬ. ಆಗ ಅವರು ವೈಸರಾಯರ ಕಾರ್ಯಕಾರಿ ಮಂಡಲಿಯ ಕಾರ್ಮಿಕ ಸದಸ್ಯರು. ಪ್ರತಿವರ್ಷ ಆ ದಿನ ಮಾಲೆ ಹಾಕುವ ನಾವು, ಲೆಕ್ಕಕ್ಕೆ ಸಿಗದ ಆ ಕೂಲಿಗಳನ್ನೂ ನೆನೆಯಬೇಕು. ಮಾಲೆ ಹಾಕಿ ಹೊಲಕ್ಕೆ ಹೋದಾಗ ಗೌಡರು ಕೇಳುತ್ತಾರೆ: 'ಎಷ್ಟು ಆಳು ಬಂದಾವ?'

'ಹದಿನಾಲ್ಕು ಮಂದಿ ಬಂದೇವ್ರಿ. ಹೆಸರು ಬರಕೋರಿ.'