ಕಪಾಟಿನಿಂದಾಚೆಗೆ

ನಮ್ಮಲ್ಲಿ ಎಷ್ಟೋ ಮನೆಗಳ ಅಟ್ಟದ ಮೇಲೋ ಕಪಾಟಿನ ಮೇಲರೆಯಲ್ಲೋ ರೆಕ್ಸಿನ್ ಹೊದಿಕೆಯ ಒಂದು ದಪ್ಪ ಪುಸ್ತಕ ಇರುತ್ತದೆ. ಹೊಂಬಣ್ಣದ ಅಕ್ಷರಗಳಲ್ಲಿ ಮಗನದೋ ಮಗಳದೋ ಹೆಸರು, ಕಾಲೇಜಿನ ಹೆಸರು, ವರ್ಷ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ರಿಪೋರ್ಟು, ಇಲ್ಲವೇ ಪಿಎಚ್.ಡಿ. ಪ್ರಬಂಧ. ಅದಕ್ಕಾಗಿ ತಿಂಗಳುಗಟ್ಟಲೆ ಆ ಮನೆಯ ಒಂದು ಕೋಣೆಯಲ್ಲಿ ಸರಿರಾತ್ರಿಯವರೆಗೆ ದೀಪ ಉರಿದಿದೆ. ತಾಯಿ ಎದ್ದು ಕಾಫಿ ಮಾಡಿಕೊಟ್ಟಿದ್ದಾರೆ, ಪ್ರಿಂಟು, ಬೈಂಡಿಂಗ್ ಎಂದು ತಂದೆ ಜೆರಾಕ್ಸ್ ಅಂಗಡಿಗೆ ಓಡಾಡಿದ್ದಾರೆ. ವೈವಾ ಮುಗಿದ ಮೇಲೆ ಅದನ್ನು ತೆರೆದವರು ಕಡಿಮೆ. ಕಾಲೇಜಿಗೆ ಒಪ್ಪಿಸಿದ ಪ್ರತಿಯೂ ಬಹಳ ಕಡೆ ಬೀರುವಿನಲ್ಲೇ ಉಳಿಯುತ್ತದೆ. ಅಂಕ ಬಂತು, ಪದವಿ ಬಂತು. ಆದರೆ ಆ ಮಗು ಕಷ್ಟಪಟ್ಟು ಕಂಡುಕೊಂಡ ನಾಲ್ಕು ಸಂಗತಿಗಳು ಯಾರ ಕೈಗೂ ಸಿಗಲಿಲ್ಲ.

ಕಂಡುಕೊಂಡದ್ದನ್ನು ಹೊರಗಿಡುವ ಬಗೆಗೆ ಕತಾರಿನ ಕಡೆ ಒಮ್ಮೆ ನೋಡಬಹುದು. ಕರಾವಳಿಯ ಅನೇಕ ಮನೆಗಳಿಗೆ ಆ ದೇಶವೆಂದರೆ ದುಡಿಮೆಯ ನಾಡು. ಅಣ್ಣನೋ ಭಾವನೋ ದೋಹಾದಲ್ಲಿರುತ್ತಾರೆ. ಅದೇ ಊರಿನ ಪಶ್ಚಿಮದ ಅಂಚಿನಲ್ಲಿ ಎಜುಕೇಶನ್ ಸಿಟಿ ಎಂಬ ವಿದ್ಯಾನಗರ ಇರುವುದು ನಮ್ಮ ಮಾತುಕತೆಯಲ್ಲಿ ಅಷ್ಟಾಗಿ ಬರುವುದಿಲ್ಲ. 1995ರಲ್ಲಿ ಹುಟ್ಟಿದ ಕತಾರ್ ಫೌಂಡೇಶನ್ ಅದನ್ನು ಕಟ್ಟಿತು. 1998ರಲ್ಲಿ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ಕಲಾಶಾಲೆ ಬಂತು, ಅದರ ಹಿಂದೆ ವೈದ್ಯಕೀಯ, ಎಂಜಿನಿಯರಿಂಗ್, ಕಂಪ್ಯೂಟರ್, ಪತ್ರಿಕೋದ್ಯಮ ಕಲಿಸುವ, ಅಮೆರಿಕದ ಬೇರೆ ವಿಶ್ವವಿದ್ಯಾಲಯಗಳ ಶಾಖೆಗಳು ಬಂದವು. ನನಗೆ ಕಟ್ಟಡಗಳಿಗಿಂತ ಹೆಚ್ಚು ಹಿಡಿಸುವುದು ಅಲ್ಲಿನ ಒಂದು ರೂಢಿ. 2006ರಲ್ಲಿ ಆರಂಭವಾದ ಕತಾರಿನ ರಾಷ್ಟ್ರೀಯ ಸಂಶೋಧನಾ ನಿಧಿ, ಪದವಿ ತರಗತಿಯ ಹುಡುಗ ಹುಡುಗಿಯರಿಗೇ ಸಂಶೋಧನೆಗೆ ಹಣ ಕೊಡುವ ಪ್ರತ್ಯೇಕ ಯೋಜನೆಯನ್ನು ಮಾಡಿತು. ಮೇಷ್ಟರ ಜೊತೆ ಕೂತು, ಒಂದು ಪ್ರಶ್ನೆ ಹಿಡಿದು, ಅದರ ಹಿಂದೆ ಹೋಗಬೇಕು. ಅಲ್ಲಿರುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಶಾಖೆಯಲ್ಲಿ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳು ತಮ್ಮ ಕೆಲಸವನ್ನು ದೊಡ್ಡ ಹಾಳೆಗಳಲ್ಲಿ ಅಂಟಿಸಿ, ಪಕ್ಕದಲ್ಲಿ ನಿಂತು, ಬಂದವರಿಗೆಲ್ಲ ವಿವರಿಸುತ್ತಾರೆ.

ಎಜುಕೇಶನ್ ಸಿಟಿಯಲ್ಲಿ ನಡೆದ ಒಂದು ಕೆಲಸವನ್ನು ತುಸು ಬಿಡಿಸಿ ಹೇಳಬೇಕು. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಅದರ ಹತ್ತಿರದ ನೆಂಟನಾದ ನಮ್ಮ ಈಚಲಿನಲ್ಲೂ ಹಾಗೆಯೇ. ಫಲ ಬಿಡುವುದು ಹೆಣ್ಣು ಮಾತ್ರ. ಬೀಜದಿಂದ ಎದ್ದ ಸಸಿ ಯಾವುದೆಂದು ಹೂ ಬಿಡುವವರೆಗೆ ಗೊತ್ತಾಗದು. ಅದಕ್ಕೆ ವರ್ಷಗಟ್ಟಲೆ ಕಾಯಬೇಕು. ಅಷ್ಟು ಕಾಲ ನೀರುಣಿಸಿ ಕೊನೆಗೆ ಗಂಡೆಂದು ತಿಳಿದರೆ ಮರುಭೂಮಿಯ ರೈತನಿಗೆ ಎಂಥ ನಷ್ಟ! ದೋಹಾದ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಜೋಯೆಲ್ ಮಾಲೆಕ್ ಅವರ ತಂಡ ಖರ್ಜೂರದ ಇಡೀ ತಳಿನಕ್ಷೆಯ ಕರಡನ್ನು ಸಿದ್ಧಪಡಿಸಿತು. ಗಂಡು ಹೆಣ್ಣಿನ ಗುರುತು ಆ ನಕ್ಷೆಯ ಯಾವ ಭಾಗದಲ್ಲಿದೆ ಎಂಬುದನ್ನೂ ಕಂಡುಕೊಂಡಿತು. ವಿವರವಾದ ಲೇಖನ ನೇಚರ್ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಅಚ್ಚಾದದ್ದು 2011ರಲ್ಲಿ. ಆದರೆ ಕರಡನ್ನು ಅವರು 2009ರಲ್ಲೇ ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದರು. ಕೀರ್ತಿಯ ಲೆಕ್ಕ ಹಾಕಿದ್ದರೆ ಎರಡು ವರ್ಷ ಬಚ್ಚಿಡಬಹುದಿತ್ತು. ಹಾಗೆ ಮಾಡಲಿಲ್ಲ. ಖರ್ಜೂರ ಬೆಳೆಯುವ ಯಾವ ದೇಶದ ಸಂಶೋಧಕನೂ ಅಂದಿನಿಂದಲೇ ತನ್ನ ಕೆಲಸ ಆರಂಭಿಸಬಹುದಿತ್ತು.

ಇನ್ನೊಂದು ಕೆಲಸ ಕನ್ನಡಿಗರಾದ ನಮಗೆ ಬೇಗ ಮನದಟ್ಟಾಗುವಂಥದು. ಪುಸ್ತಕದ ಅರಬ್ಬಿ ಒಂದು, ಮನೆಯ ಅರಬ್ಬಿ ಹಲವು. ಕಂಪ್ಯೂಟರಿಗೆ ಪುಸ್ತಕದ್ದೇ ಹೆಚ್ಚು ಪರಿಚಯ. ದೋಹಾದ ಕಾರ್ನೆಗಿ ಮೆಲನ್‌ನ ಅಧ್ಯಾಪಕರು ಅಬುಧಾಬಿಯ ನ್ಯೂಯಾರ್ಕ್ ವಿಶ್ವವಿದ್ಯಾಲಯದವರ ಜೊತೆ ಸೇರಿ, ಪ್ರಯಾಣಿಕರಿಗೆ ಬೇಕಾಗುವ 2000 ಸಾಮಾನ್ಯ ವಾಕ್ಯಗಳನ್ನು ಆರಿಸಿಕೊಂಡು ಅವನ್ನು 25 ಅರಬ್ ನಗರಗಳ ಆಡುಮಾತಿಗೆ ಹಾಕಿಸಿದರು. ಮೊರಾಕ್ಕೋದ ರಬಾತ್‌ನಿಂದ ಯೆಮನ್ನಿನ ಸನಾವರೆಗೆ, ನಡುವೆ ದೋಹಾ. ಮದಾರ್ ಎಂಬ ಹೆಸರಿನ ಆ ಸಂಗ್ರಹವನ್ನು 2018ರಲ್ಲಿ ವಿದ್ವಾಂಸರ ಮುಂದಿಟ್ಟರು. ಧಾರವಾಡದ ಮಾತು, ಕುಂದಾಪುರದ ಮಾತು, ಕೊಳ್ಳೇಗಾಲದ ಮಾತು, ಗಡಿಯಾಚೆ ಕಾಸರಗೋಡಿನ ಹವ್ಯಕರ ಮನೆಮಾತು — ಇವನ್ನೆಲ್ಲ ಒಂದೇ ವಾಕ್ಯದ ಪಕ್ಕಪಕ್ಕ ಬರೆದಿಟ್ಟು ಮುಂದಿನವರ ಕೈಗೆ ಕೊಟ್ಟಂತೆ. ಅಂಥ ಕೆಲಸ ನಮ್ಮಲ್ಲಿ ಎಷ್ಟು ವಿದ್ಯಾರ್ಥಿಗಳಿಗೆ ದಕ್ಕೀತು, ಎಷ್ಟು ಅಜ್ಜಿಯರ ಬಾಯಿಂದ ಬಂದೀತು!

ಹುಟ್ಟಿದ ಮನುಷ್ಯನಿಗೆ ದೇವಋಣ, ಪಿತೃಋಣ, ಋಷಿಋಣ ಎಂಬ ಮೂರು ಸಾಲಗಳಿವೆ ಎಂದು ಹಿರಿಯರು ಹೇಳಿದರು. ಋಷಿಋಣ ತೀರುವುದು ಅಧ್ಯಯನದಿಂದ. ಹಿಂದಿನವರು ಕಂಡದ್ದನ್ನು ಓದಿ ಉಳಿಸಿಕೊಳ್ಳುವುದೇ ಅವರಿಗೆ ಸಲ್ಲಿಸುವ ಕಂತು. ಆದರೆ ಓದಿದವನು ತನ್ನಲ್ಲೇ ಇಟ್ಟುಕೊಂಡರೆ ಸಾಲ ಹಾಗೆಯೇ ನಿಂತಿರುತ್ತದೆ ಎಂದು ನಾನು ನಂಬಿದ್ದೇನೆ. ನೂರು ವರ್ಷಗಳಿಗೂ ಹಿಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಇದನ್ನು ಅರಿತೇ ಕರ್ನಾಟಕ ಸಂಘ ಕಟ್ಟಿದರು, ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆಯನ್ನು ಹೊರಡಿಸಿದರು. ಮೇಷ್ಟರ ಬರಹವೂ ಅದರಲ್ಲೇ, ಶಿಷ್ಯರ ಬರಹವೂ ಅದರಲ್ಲೇ. ತರಗತಿಯಲ್ಲಿ ಹುಟ್ಟಿದ್ದು ಊರೂರಿಗೆ ಹೋಯಿತು; ಹೊಸಗನ್ನಡ ಸಾಹಿತ್ಯದ ಬೆಳೆಗೆ ಅಲ್ಲಿಂದಲೂ ನೀರು ಹರಿದು ಬಂತು. ಸಂಸ್ಥೆಗಳಿಗೂ ಆಯುಸ್ಸು ಇದೆ ಎಂಬುದನ್ನು ನೆನೆದರೆ ಹೀಗೆ ಬರೆದು ಹೊರಗಿಡುವುದರ ಬೆಲೆ ಇನ್ನೂ ತಿಳಿಯುತ್ತದೆ. ದೋಹಾದಲ್ಲಿ 2003ರಿಂದ ಎಂಜಿನಿಯರಿಂಗ್ ಕಲಿಸುತ್ತಿರುವ ಟೆಕ್ಸಾಸ್ ಎ ಅಂಡ್ ಎಂ ಶಾಖೆಯನ್ನು 2028ರೊಳಗೆ ಮುಚ್ಚುವುದೆಂದು ಅದರ ಆಡಳಿತ ಮಂಡಳಿ 2024ರಲ್ಲಿ ತೀರ್ಮಾನಿಸಿತು. ಬಾಗಿಲು ಹಾಕಿದ ಮೇಲೂ ಅಲ್ಲಿಯ ಮಕ್ಕಳು, ಮೇಷ್ಟರು ಬರೆದು ಹೊರಗಿಟ್ಟ ಪ್ರಬಂಧಗಳನ್ನು ಯಾರು ಬೇಕಾದರೂ ಓದಬಹುದು. ಬೀರುವಿನಲ್ಲಿ ಬಿಟ್ಟುಹೋದದ್ದಕ್ಕೆ ಆ ಭಾಗ್ಯವಿಲ್ಲ.

ಪ್ರಬಂಧಗಳನ್ನು ಹೀಗೆ ಹೊರಗಿಡಲು ನಮ್ಮಲ್ಲೂ ದಾರಿ ಆಗಿದೆ. ಪಿಎಚ್.ಡಿ. ಪ್ರಬಂಧಗಳನ್ನು ಕಂಪ್ಯೂಟರ್ ಪ್ರತಿಯಾಗಿಯೂ ಒಪ್ಪಿಸಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿತು; ಅವು ಶೋಧಗಂಗಾ ಎಂಬ ಭಂಡಾರದಲ್ಲಿ ಸೇರುತ್ತಿವೆ. ಮೈಸೂರು, ಧಾರವಾಡ, ಹಂಪಿಯ ವಿಶ್ವವಿದ್ಯಾಲಯಗಳ ಕನ್ನಡ ಪ್ರಬಂಧಗಳೂ ಅಲ್ಲಿವೆ, ಓದಲು ಕಾಸು ಕೊಡಬೇಕಿಲ್ಲ. ಬಿಡುವಾದಾಗ ನಿಮ್ಮ ತಾಲ್ಲೂಕಿನ ಹೆಸರು ಹಾಕಿ ಹುಡುಕಿ ನೋಡಿ. ನಿಮ್ಮೂರ ಶಾಸನದ ಬಗ್ಗೆಯೋ ಸೋಬಾನೆ ಪದಗಳ ಬಗ್ಗೆಯೋ ಯಾರೋ ಮೂರು ನಾಲ್ಕು ವರ್ಷ ಅಲೆದಾಡಿ ಬರೆದದ್ದು ಸಿಕ್ಕರೂ ಸಿಕ್ಕೀತು. ಪದವಿ ತರಗತಿಯ ಪ್ರಾಜೆಕ್ಟುಗಳು ಆ ಭಂಡಾರಕ್ಕೆ ಹೋಗುವುದಿಲ್ಲ, ಅವುಗಳ ಹೊಣೆ ಮನೆಯವರದೇ. ಅಟ್ಟದ ಮೇಲಿನ ಆ ರಿಪೋರ್ಟನ್ನು ಇಳಿಸಿ, ಧೂಳು ಕೊಡವಿ, ಅದರಲ್ಲಿ ಏನಿದೆಯೆಂದು ಮಗಳನ್ನೇ ಕೇಳಿ. ಊರ ಕೆರೆಯ ನೀರಿನ ಪರೀಕ್ಷೆಯಾಗಿದ್ದರೆ ಒಂದು ಪ್ರತಿ ಪಂಚಾಯಿತಿಗೆ, ಒಂದು ಪ್ರತಿ ಹೈಸ್ಕೂಲಿನ ವಿಜ್ಞಾನದ ಮೇಷ್ಟರಿಗೆ ತಲುಪಲಿ. ಪಂಚಾಯಿತಿಯವರು ಪ್ರಶ್ನೆ ಕೇಳುವುದು ಖಂಡಿತ. ಕೊಡಲು ಹೋಗುವಾಗ ಅವಳೂ ಜೊತೆಗಿರಲಿ.